ನಿನಗೇನು ಕಡಿಮೆ ಆಗಿದೆ?

(ಶಿವಮೊಗ್ಗ ಜಿಲ್ಲೆಯ ಸಾಗರದಲ್ಲಿ ನರ್ಸಿಂಗ್ ವಿದ್ಯಾರ್ಥಿನಿಯರು ಮತ್ತು ಆಶಾ ಕಾರ್ಯಕರ್ತೆಯರ ಮುಂದೆ ನಿವೃತ್ತ ಆರೋಗ್ಯ ಸಹಾಯಕಿಯೊಬ್ಬರು ಆಡಿದ ಮಾತುಗಳ ಬರಹ ರೂಪ)

ನಿಮ್ಮ ಬ್ಯಾಗಿನಲ್ಲಿ ಈಗ ಎಚ್‌ಬಿ, ಅಂದರೆ ರಕ್ತದ ಹಿಮೋಗ್ಲೋಬಿನ್, ನೋಡುವ ಡಿಜಿಟಲ್ ಮೀಟರ್ ಇರುತ್ತದೆ. ನಾನು 1988ರಲ್ಲಿ ಕೆಲಸಕ್ಕೆ ಸೇರಿದಾಗ ಕೈಗೆ ಕೊಟ್ಟದ್ದು ಸಾಹ್ಲಿ ಪೆಟ್ಟಿಗೆ. ಬೆರಳಿಗೆ ಚುಚ್ಚಿ, ಒಂದು ಹನಿ ರಕ್ತ ಹೀರಿ, ಆಸಿಡ್ಡಿಗೆ ಬಿಟ್ಟು, ಹತ್ತು ನಿಮಿಷ ಕಾಯಬೇಕು. ಆಮೇಲೆ ಪಕ್ಕದ ಕಂದು ಗಾಜಿನ ಬಣ್ಣ ಬರುವವರೆಗೆ ಹನಿಹನಿ ನೀರು ಹಾಕಬೇಕು. ಮಳೆಗಾಲದಲ್ಲಿ ಮಲೆನಾಡಿನ ಮನೆಯೊಳಗೆ ಬೆಳಕೆಲ್ಲಿ? ಪೆಟ್ಟಿಗೆಯನ್ನು ಅಂಗಳಕ್ಕೆ ತಂದು, ಒಂದು ಕೈಯಲ್ಲಿ ಛತ್ರಿ ಹಿಡಿದು ಬಣ್ಣ ನೋಡಿದ್ದೇನೆ. ಬಸುರಿಗೆ ಎಚ್‌ಬಿ 11 ಗ್ರಾಂಗಿಂತ ಕಡಿಮೆ ಇದ್ದರೆ ಕಬ್ಬಿಣದ ಮಾತ್ರೆ. 7ಕ್ಕಿಂತ ಕಡಿಮೆ ಇದ್ದರೆ ದೊಡ್ಡಾಸ್ಪತ್ರೆ.

ಆಗ ಮನೆಯವರು ಕೇಳುತ್ತಿದ್ದ ಪ್ರಶ್ನೆ ಒಂದೇ. "ಎಷ್ಟು ಕಡಿಮೆ ಇದೆ ನರ್ಸಮ್ಮಾ?" ಅತ್ತೆಯಾದವರು "ಸರಿಯಾಗಿ ತಿನ್ನೋದಿಲ್ಲ ಇವಳು" ಅಂತ ಸ್ವಲ್ಪ ಗೊಣಗುತ್ತಿದ್ದರು. ಅಷ್ಟೇ. ಮಾತ್ರೆ ಕೊಟ್ಟರೆ ತಗೊಳ್ಳುತ್ತಿದ್ದರು.

2006ರಲ್ಲಿ ನನಗೇ ಹುಷಾರು ತಪ್ಪಿತು. ರಕ್ತದ ಕಾಯಿಲೆ ಅಲ್ಲ, ಮನಸ್ಸಿನದು. ಆಗ ಮನೆಯವರು, ನೆಂಟರು, ಜೊತೆಯಲ್ಲಿ ಕೆಲಸ ಮಾಡುವವರು, ಒಬ್ಬರನ್ನು ಬಿಟ್ಟು ಎಲ್ಲರೂ ಕೇಳಿದ್ದು "ನಿನಗೇನು ಕಡಿಮೆ ಆಗಿದೆ?" ಅಂತ. ಸರ್ಕಾರಿ ಕೆಲಸ ಇದೆ, ಒಳ್ಳೆ ಗಂಡ ಇದ್ದಾನೆ, ಮಗಳು ಚೆನ್ನಾಗಿ ಓದುತ್ತಾಳೆ, ಒಂದೆಕರೆ ಅಡಿಕೆ ತೋಟ ಇದೆ. ಅದೇ ‘ಕಡಿಮೆ’ ಅನ್ನುವ ಶಬ್ದ ನೋಡಿ. ‘ಎಷ್ಟು ಕಡಿಮೆ’ ಅಂದರೆ ಔಷಧಿ ಕೊಡುತ್ತಾರೆ. ‘ಏನು ಕಡಿಮೆ’ ಅಂದರೆ ಬೈಗುಳ. ಇವತ್ತು ನಾನು ಹೇಳಬೇಕು ಅಂದುಕೊಂಡು ಬಂದದ್ದು ಈ ಎರಡು ಪ್ರಶ್ನೆಗಳ ವಿಷಯ.

ನನ್ನ ಊರು ಹೊಸನಗರ ತಾಲ್ಲೂಕು. ಹದಿನೆಂಟು ತಿಂಗಳ ತರಬೇತಿ ಮುಗಿಸಿದವಳಿಗೆ ಮೊದಲ ಆರೋಗ್ಯ ಉಪಕೇಂದ್ರ ಸಿಕ್ಕಿದ್ದು ಶರಾವತಿ ಹಿನ್ನೀರಿನ ಆಚೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆಗಿ ನೀರು ನಿಂತ ಮೇಲೆ ಆ ಕಡೆಯ ಹಳ್ಳಿಗಳಿಗೆ ಸಾಗರ ದೂರವಾಯಿತು. ಲಾಂಚ್ ಅನ್ನುವ ದೊಡ್ಡ ದೋಣಿಯಲ್ಲಿ ನೀರು ದಾಟಬೇಕು, ಇಲ್ಲಾಂದ್ರೆ ಹೊಸನಗರದ ಕಡೆಯಿಂದ ಸುತ್ತು ಹಾಕಬೇಕು. ಸಂಜೆ ಆದರೆ ಲಾಂಚ್ ನಿಲ್ಲುತ್ತಿತ್ತು. ಹೆರಿಗೆ ನೋವಿಗೆ ಲಾಂಚಿನ ಟೈಮು ಗೊತ್ತಾ? 2025ರ ಜುಲೈನಲ್ಲಿ ಅದೇ ಹಿನ್ನೀರಿನ ಮೇಲೆ ಸಿಗಂದೂರು ಸೇತುವೆ ಆಯಿತಲ್ಲ, ಅವತ್ತು ಟಿ.ವಿ.ಯಲ್ಲಿ ಎಲ್ಲರೂ ಫೋಟೋ ತೆಗೆಸಿಕೊಳ್ಳುವುದು ನೋಡಿದೆ. ನಾನು ಮನೆಯಲ್ಲಿ ಒಬ್ಬಳೇ ಕೂತು ಅತ್ತೆ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಗುಡ್ಡಗಾಡಿನಲ್ಲಿ 3,000 ಜನಕ್ಕೆ ಒಂದು ಉಪಕೇಂದ್ರ ಅಂತ ಲೆಕ್ಕ. ಲೆಕ್ಕ ಸರಿ. ಆದರೆ ಆ ಮೂರು ಸಾವಿರ ಜನ ಎಷ್ಟು ಗುಡ್ಡ, ಎಷ್ಟು ಹಳ್ಳದಲ್ಲಿ ಹಂಚಿಕೊಂಡಿದ್ದಾರೆ ಅಂತ ಲೆಕ್ಕದಲ್ಲಿ ಬರುವುದಿಲ್ಲ. ಮಳೆಗಾಲದಲ್ಲಿ ಹಳ್ಳ ದಾಟುವ ಸಂಕದ ಮೇಲೆ ಒಂದು ಕೈಯಲ್ಲಿ ಹೆರಿಗೆ ಕಿಟ್, ಇನ್ನೊಂದು ಕೈಯಲ್ಲಿ ಚಪ್ಪಲಿ. ಮನೆ ಮುಟ್ಟಿದ ಮೇಲೆ ಮೊದಲು ಕಾಲಿಗೆ ಕಚ್ಚಿದ ಉಂಬಳ, ಅಂದರೆ ಜಿಗಣೆ, ಕೀಳಬೇಕು, ಆಮೇಲೆ ಕೈ ತೊಳೆಯಬೇಕು. ನನ್ನ ರಿಜಿಸ್ಟರಿನ ಪ್ರಕಾರ ಆರುನೂರ ಚಿಲ್ಲರೆ ಹೆರಿಗೆ ಮಾಡಿಸಿದ್ದೇನೆ. ಪಾವಗಡದ ಸೂಲಗಿತ್ತಿ ನರಸಮ್ಮ ಅವರು 15,000ಕ್ಕೂ ಹೆಚ್ಚು ಮಾಡಿಸಿದ್ದರು, 2018ರಲ್ಲಿ ಪದ್ಮಶ್ರೀ ಬಂತು. ಅವರ ಮುಂದೆ ನನ್ನದೇನೂ ಅಲ್ಲ. ಅವರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಎಷ್ಟು ಮಕ್ಕಳು ಅಂತ ಎಲ್ಲರೂ ಕೇಳಿದ್ದಾರೆ. ನಿಮಗೆ ನಿದ್ದೆ ಬರದ ರಾತ್ರಿ ಇತ್ತಾ ಅಮ್ಮಾ ಅಂತ ಯಾರಾದರೂ ಕೇಳಿದ್ದು ಮಾತ್ರ ನನ್ನ ಕಣ್ಣಿಗೆ ಬೀಳಲಿಲ್ಲ.

ಸರಿ, 2006ಕ್ಕೆ ಬರುತ್ತೇನೆ. ಇನ್ನೂ 108 ಆಂಬುಲೆನ್ಸ್ ಬಂದಿರಲಿಲ್ಲ, ಅದು ಬಂದದ್ದು 2008ರ ಕೊನೆಯಲ್ಲಿ. ಒಂದು ಮನೆ. ಮೂರನೇ ಹೆರಿಗೆ. ಮಗು ಸಲೀಸಾಗಿ ಆಯಿತು, ಕಸ, ಅಂದರೆ ಮಾಸು, ಅದೂ ಪೂರ್ತಿ ಬಿತ್ತು. ಆದರೆ ಗರ್ಭಕೋಶ ಗಟ್ಟಿಯಾಗಲಿಲ್ಲ. ಕೈ ಇಟ್ಟರೆ ನೆನೆದ ಹಿಟ್ಟಿನ ಹಾಗೆ ಮೆತ್ತಗೆ. ಇಂಜೆಕ್ಷನ್ ಕೊಟ್ಟೆ, ಹೊಟ್ಟೆ ನೀವಿದೆ, ಮಗುವನ್ನು ಎದೆಗೆ ಹಾಕಿದೆ. ರಕ್ತ ನಿಲ್ಲಲಿಲ್ಲ. ಇಂಥ ರಕ್ತಸ್ರಾವ ನಿಲ್ಲದಿದ್ದರೆ ಎರಡು ಗಂಟೆಯಲ್ಲಿ ಜೀವ ಹೋಗಬಹುದು ಅಂತ ನಿಮಗೆ ಪಾಠದಲ್ಲಿ ಇದೆ. ಜೀಪು ಸಿಗುವುದಕ್ಕೆ ಮುಕ್ಕಾಲು ಗಂಟೆ ಹೋಯಿತು. ದಡಕ್ಕೆ ಬಂದಾಗ ರಾತ್ರಿ. ಲಾಂಚಿನವರನ್ನು ಎಬ್ಬಿಸಲು ಹುಡುಗರು ಓಡಿದರು. ನಾನು ಜೀಪಿನಲ್ಲಿ ಒಂದು ಕೈ ಒಳಗೆ, ಒಂದು ಕೈ ಹೊಟ್ಟೆಯ ಮೇಲೆ ಇಟ್ಟು ಗರ್ಭಕೋಶವನ್ನು ನಡುವೆ ಒತ್ತಿ ಹಿಡಿದು ಕೂತಿದ್ದೆ. ಅವಳು "ಚಳಿ ಆಗ್ತದೆ ಅಕ್ಕಾ" ಅಂದಳು. ಆಮೇಲೆ ಮಾತಾಡಲಿಲ್ಲ. ಲಾಂಚ್ ಬಂತು. ಬಂದಾಗ ದಾಟಿಸುವುದಕ್ಕೆ ಏನೂ ಉಳಿದಿರಲಿಲ್ಲ.

ಸೇತುವೆ ನೋಡಿ ಅತ್ತದ್ದು ಅದಕ್ಕೆ.

ಆಮೇಲೆ ವಿಚಾರಣೆ ಮೀಟಿಂಗು. ಯಾವ ಕಚೇರಿ, ಯಾರು ಅಂತ ಬೇಡ. ತಾಯಿ ಸತ್ತರೆ ಯಾಕೆ ಸತ್ತಳು ಅಂತ ಕೇಳಲೇಬೇಕು, ಅದರಲ್ಲಿ ತಪ್ಪಿಲ್ಲ. ಹಾಗೆ ಕೇಳಿ ಕೇಳಿಯೇ ನಮ್ಮ ರಾಜ್ಯದಲ್ಲಿ ಲಕ್ಷ ಹೆರಿಗೆಗೆ 228 ತಾಯಂದಿರು ಸಾಯುತ್ತಿದ್ದದ್ದು 2018–20ರ ಹೊತ್ತಿಗೆ 69ಕ್ಕೆ ಇಳಿದಿದೆ. ಆದರೆ ಅವತ್ತು ಕೇಳಿದ ಮೊದಲ ಪ್ರಶ್ನೆ, "ಏಳನೇ ತಿಂಗಳ ಬಿ.ಪಿ. ಕಾಲಂ ಯಾಕೆ ಖಾಲಿ ಬಿಟ್ಟಿದ್ದೀರಿ?" ಆ ತಿಂಗಳು ಹಳ್ಳ ತುಂಬಿ ನನಗೆ ಆ ಮನೆಗೆ ಹೋಗಲು ಆಗಿರಲಿಲ್ಲ. ಅದನ್ನು ಹೇಳಲಿಲ್ಲ. "ತಪ್ಪಾಯ್ತು ಸಾರ್" ಅಂದೆ. ರಕ್ತ ಹೋಗಿದ್ದಕ್ಕೂ ಆ ಕಾಲಂಗೂ ಸಂಬಂಧ ಇಲ್ಲ ಅಂತ ನನಗೆ ಗೊತ್ತಿತ್ತು. ಆದರೂ ಆ ಖಾಲಿ ಚೌಕ ಮನಸ್ಸಿನಲ್ಲಿ ಕೂತುಬಿಟ್ಟಿತು.

ಮೊದಲು ಹೋದದ್ದು ನಿದ್ದೆ. ಮಲಗಿದ ಕೂಡಲೇ ನಿದ್ದೆ ಬರುತ್ತಿತ್ತು, ಮೂರು ಗಂಟೆಗೆ ಎಚ್ಚರ. ಆಮೇಲೆ ಬೆಳಗಿನವರೆಗೆ ಅದೇ ಜೀಪು, ಅದೇ ದಡ. ಊಟ ಮಣ್ಣು ತಿಂದ ಹಾಗೆ. ಮೂರು ತಿಂಗಳಲ್ಲಿ ಎಂಟು ಕೆ.ಜಿ. ಇಳಿದೆ. "ಸಿಸ್ಟರ್ ಸಣ್ಣ ಆಗಿದ್ದೀರಿ, ಚೆನ್ನಾಗಿ ಕಾಣ್ತೀರಿ" ಅಂದವರೂ ಇದ್ದರು! ಅಳು ಬರುತ್ತಿರಲಿಲ್ಲ. ಖಿನ್ನತೆ ಅಂದರೆ ಅಳುವುದು ಅಂತ ಜನ ತಿಳಿದಿದ್ದಾರೆ. ನನಗೆ ಅಳು ಬಂದಿದ್ದರೆ ಎಷ್ಟೋ ವಾಸಿ ಇತ್ತು. ಮಗಳು ಪರೀಕ್ಷೆಯಲ್ಲಿ ಫಸ್ಟ್ ಬಂದೆ ಅಂತ ಓಡಿ ಬಂದಾಗಲೂ ನನ್ನೊಳಗೆ ಏನೂ ಅಲುಗಾಡಲಿಲ್ಲ.

ನನಗೆ ನಿಜವಾಗಿ ಹೆದರಿಕೆ ಆದದ್ದು ರಿಜಿಸ್ಟರಿನಿಂದ. ನಮ್ಮ ಬಾಳೇ ರಿಜಿಸ್ಟರು ಅಲ್ವಾ? ಒಂದು ದಿನ ನೋಡುತ್ತೇನೆ, ಚುಚ್ಚುಮದ್ದಿನ ಪುಟದಲ್ಲಿ ಸತ್ತವಳ ಹೆಸರನ್ನು ಮೂರು ಸಾಲಿನಲ್ಲಿ ಬರೆದಿದ್ದೇನೆ. ಅಕ್ಷರ ನನ್ನದೇ. ಬರೆದ ನೆನಪಿಲ್ಲ. ಅವತ್ತು ಸಂಜೆ, ನಾನು ಇಲ್ಲದೆ ಹೋದರೆ ಎಲ್ಲರಿಗೂ ಹಗುರ ಅಂತ ಮೊದಲ ಸಲ ಅನ್ನಿಸಿತು. ಇದನ್ನು ಬಚ್ಚಿಟ್ಟುಕೊಳ್ಳಬಾರದು ಅಂತ ನಿಮ್ಮ ಮುಂದೆ ಹೇಳುತ್ತಿದ್ದೇನೆ. ಅವತ್ತು ಗಂಡನ ಹತ್ತಿರ ಹೇಳಿದೆ. ಅವರು ಜಾಸ್ತಿ ಮಾತಾಡುವ ಜನ ಅಲ್ಲ. ಅಡಿಕೆ ಸುಲಿಯುತ್ತಿದ್ದವರು ಕತ್ತಿ ಕೆಳಗಿಟ್ಟು, "ನಾಳೆ ಶಿವಮೊಗ್ಗಕ್ಕೆ ಹೋಗೋಣ" ಅಂದರು. ಅವರೊಬ್ಬರೇ ‘ಏನು ಕಡಿಮೆ’ ಅಂತ ಕೇಳದಿದ್ದವರು.

ಶಿವಮೊಗ್ಗದವರಿಗೆ ಒಂದು ಪುಣ್ಯ ಇದೆ. ಮನೋವೈದ್ಯ ಡಾ. ಅಶೋಕ್ ಪೈ ಅವರು ಪತ್ರಿಕೆಗಳಲ್ಲಿ ಬರೆದೂ ಬರೆದೂ, ಮನಸ್ಸಿಗೂ ಡಾಕ್ಟರು ಇದ್ದಾರೆ ಅಂತ ನಮ್ಮ ಕಡೆಯ ಹಳ್ಳಿಯವರಿಗೂ ಗೊತ್ತಾಗಿತ್ತು. ನಾನು ಹೋದದ್ದು ಬೇರೆ ವೈದ್ಯರ ಹತ್ತಿರ. ಹೋಗುವಾಗ ಬಸ್ಸಿನಲ್ಲಿ ಕಂಡಕ್ಟರ್ "ಏನು ಸಿಸ್ಟರ್, ಮೀಟಿಂಗಾ?" ಅಂದ. "ಹೌದಪ್ಪ, ಮೀಟಿಂಗು" ಅಂದೆ. ಆಮೇಲೆ ಎರಡು ವರ್ಷ ಪ್ರತಿ ಸಲವೂ ಅದೇ ಸುಳ್ಳು. ಇಷ್ಟು ಮೀಟಿಂಗಿಗೆ ಹೋಗುವ ನರ್ಸು ತಾಲ್ಲೂಕಿನಲ್ಲೇ ಇಲ್ಲ ಅಂತ ಅವನು ತಿಳಿದಿರಬೇಕು.

ಡಾಕ್ಟರು ಕೇಳಿದ ಒಂದು ಪ್ರಶ್ನೆ ನನ್ನನ್ನು ಅಲ್ಲಾಡಿಸಿತು. "ಮನೆಯಲ್ಲಿ ಯಾರಿಗಾದರೂ ಈ ಥರ ಆಗಿತ್ತಾ?" ಇಲ್ಲ ಅಂದೆ. ಖಂಡಿತವಾಗಿ ಇಲ್ಲ ಅಂದೆ. ವಾಪಸ್ಸು ಬರುವಾಗ ಆನಂದಪುರ ದಾಟಿದ ಮೇಲೆ ದೊಡ್ಡಮ್ಮ ನೆನಪಾದರು. ನನ್ನ ಅಮ್ಮನ ಅಕ್ಕ. ಎರಡನೇ ಬಾಣಂತನದಲ್ಲಿ ಅವರಿಗೆ ‘ಬಾಣಂತಿ ಸನ್ನಿ’ ಆಗಿತ್ತು ಅಂತ ಪಿಸುಗುಟ್ಟುತ್ತಿದ್ದರು. ಸೌದೆ ಕೊಟ್ಟಿಗೆಯ ಪಕ್ಕದ ಕೋಣೆಗೆ ಹಾಕಿ ಹೊರಗಿನಿಂದ ಅಗುಳಿ ಹಾಕುತ್ತಿದ್ದರಂತೆ. ಮಗುವನ್ನು ಬೇರೆಯವರು ಸಾಕಿದರು. ದೊಡ್ಡಮ್ಮ ಆಮೇಲೆ ಸರಿಯಾದರು, ಮೂವತ್ತು ವರ್ಷ ಬದುಕಿದರು, ನನಗೆ ಕಡುಬು ಮಾಡಿ ಹಾಕಿದ್ದಾರೆ. ಆದರೆ ಮನೆಯಲ್ಲಿ ಅದು ಕಾಯಿಲೆಯ ಲೆಕ್ಕಕ್ಕೆ ಬರಲೇ ಇಲ್ಲ. ಆರುನೂರು ಬಸುರಿಯರಿಗೆ "ಮನೆಯಲ್ಲಿ ಬಿ.ಪಿ. ಇದೆಯಾ, ಸಕ್ಕರೆ ಕಾಯಿಲೆ ಇದೆಯಾ" ಅಂತ ಕೇಳಿದವಳು ನಾನು. ನನ್ನ ದೊಡ್ಡಮ್ಮ ನನಗೇ ನೆನಪಾಗಲಿಲ್ಲ. ಮಗಳು ಹುಟ್ಟಿದಾಗ, 1993ರಲ್ಲಿ, ಆರೇಳು ತಿಂಗಳು ನಾನು ಸುಮ್ನೆ ಗೋಡೆ ನೋಡಿಕೊಂಡು ಕೂತಿರುತ್ತಿದ್ದೆನಲ್ಲ, ಅದೂ ಬಸ್ಸಿನಲ್ಲೇ ನೆನಪಾಯಿತು.

ಮಾತ್ರೆ ಶುರುವಾಯಿತು. ನೀವು ರೋಗಿಗಳಿಗೆ ಇದನ್ನು ಮೊದಲೇ ಹೇಳಿ: ಈ ಮಾತ್ರೆ ತಲೆನೋವಿನ ಮಾತ್ರೆಯ ಹಾಗೆ ಅಲ್ಲ. ಎರಡು ಮೂರು ವಾರ ಏನೂ ಗೊತ್ತಾಗುವುದಿಲ್ಲ. ಬಾಯಿ ಒಣಗುವುದು, ಹೊಟ್ಟೆ ತೊಳಸುವುದು ಮಾತ್ರ ಮೊದಲ ದಿನದಿಂದಲೇ ಬರಬಹುದು. ಅಷ್ಟರಲ್ಲಿ ಅರ್ಧ ಜನ "ನಂಗೆ ಹಿಡಿಸಲ್ಲ" ಅಂತ ಬಿಟ್ಟುಬಿಡುತ್ತಾರೆ. ನಾನು ಬಿಡಲಿಲ್ಲ. ನಾಲ್ಕನೇ ವಾರ ಒಂದು ಬೆಳಿಗ್ಗೆ ಎದ್ದಾಗ ಐದೂವರೆ. ಬಚ್ಚಲ ಒಲೆಯ ಹೊಗೆ ವಾಸನೆ ಬಂತು. ವಾಸನೆ ಬಂತು ಅನ್ನುವುದೇ ನನಗೆ ಆಶ್ಚರ್ಯ.

ನಾಲ್ಕು ತಿಂಗಳಿಗೆ ಚೆನ್ನಾದೆ. ಚೆನ್ನಾದೆ ಅಂತ ಮಾತ್ರೆ ನಿಲ್ಲಿಸಿದೆ, ಡಾಕ್ಟರಿಗೆ ಹೇಳದೆ. ನರ್ಸು ಕಣ್ರೀ ನಾನು! ಎರಡು ತಿಂಗಳಲ್ಲಿ ಮತ್ತೆ ಮೂರು ಗಂಟೆಯ ಎಚ್ಚರ. ಡಾಕ್ಟರು ಬೈಯಲಿಲ್ಲ. "ಎಚ್‌ಬಿ ಸರಿಹೋದ ದಿನವೇ ಕಬ್ಬಿಣದ ಮಾತ್ರೆ ನಿಲ್ಲಿಸಿ ಅಂತ ಹೇಳ್ತೀರಾ ಸಿಸ್ಟರ್?" ಅಂದರು. ಇಲ್ಲ ಸಾರ್, ಆಮೇಲೂ ಕೆಲವು ತಿಂಗಳು ತಗೊಳ್ಳಿ ಅಂತೀವಿ ಅಂದೆ. ಅವರು ಚೀಟಿ ಬರೆದು ಕೊಟ್ಟರು, ಅಷ್ಟೇ. ಮಾತ್ರೆಯ ಶೀಟನ್ನು ಒಂದು ವರ್ಷ ಅಕ್ಕಿ ಡಬ್ಬದಲ್ಲಿ ಮುಚ್ಚಿಟ್ಟಿದ್ದೆ. ಅತ್ತೆಗೆ ಗೊತ್ತಾಗದಿರಲಿ ಅಂತ. ಅಕ್ಕಿ ತೊಳೆಯುವುದು ಅತ್ತೆಯೇ! ಅವರು ಮೊದಲ ತಿಂಗಳೇ ನೋಡಿದ್ದರಂತೆ. ತಾವಾಗಿ ಕೇಳಲಿಲ್ಲ, ಶೀಟನ್ನು ಅಲ್ಲಿಂದ ತೆಗೆಯಲೂ ಇಲ್ಲ. ಇವತ್ತಿಗೂ ಅವರಿಗೆ ಅದು ಏನು ಅಂತ ಎಷ್ಟು ಗೊತ್ತಿತ್ತೋ ನನಗೆ ತಿಳಿಯದು.

ಕಾಯಿಲೆಯಿಂದ ನಾನು ಒಳ್ಳೆಯ ನರ್ಸ್ ಆದೆ ಅಂತ ಹೇಳುವುದಿಲ್ಲ. ಅಂಥ ಮಾತು ನನಗೆ ಇಷ್ಟ ಇಲ್ಲ. ಕಾಯಿಲೆ ಎರಡು ವರ್ಷ ತಿಂದು ಹಾಕಿತು. ಆದರೆ ಒಂದು ಪ್ರಯೋಜನ ಆಯಿತು, 2010ರಲ್ಲಿ.

ಒಂದು ಮನೆಯಿಂದ ಕರೆ ಬಂತು. ಹೆರಿಗೆ ಆಗಿ ಆರನೇ ದಿನ. ಹುಡುಗಿ ಎರಡು ರಾತ್ರಿ ಮಲಗಿಲ್ಲ. ಒಮ್ಮೆ ನಗುತ್ತಾಳೆ, ಒಮ್ಮೆ "ಇದು ನನ್ನ ಮಗು ಅಲ್ಲ, ಬದಲಾಯಿಸಿದ್ದೀರಿ" ಅಂತ ಕೂಗುತ್ತಾಳೆ. ಕಷಾಯದಲ್ಲಿ ವಿಷ ಹಾಕಿದ್ದೀರಿ ಅಂತ ಕುಡಿಯುತ್ತಿಲ್ಲ. ಮನೆಯವರು ಚೌಡಿಯ ಕಾಟ ಅಂದರು. ಅಂತ್ರ ಕಟ್ಟುವವರಿಗೆ ಹೇಳಿಕಳಿಸಿ ಆಗಿತ್ತು. ನನಗೆ ಗೊತ್ತಾಯಿತು, ಇದು ದೊಡ್ಡಮ್ಮನ ಕಾಯಿಲೆ. ಸಾವಿರ ಹೆರಿಗೆಗೆ ಒಂದೋ ಎರಡೋ ಬರುವಂಥದ್ದು, ಹೆಚ್ಚಾಗಿ ಮೊದಲ ಎರಡು ವಾರದಲ್ಲಿ. ಇದಕ್ಕೆ ಕಾಯುವ ಹಾಗಿಲ್ಲ. ರಕ್ತಸ್ರಾವದ ಹಾಗೆಯೇ ತುರ್ತು. ತಾಯಿಯನ್ನೂ ಮಗುವನ್ನೂ ಒಂದು ಗಳಿಗೆ ಒಂಟಿಯಾಗಿ ಬಿಡಬಾರದು.

ಹೊಸದರಲ್ಲಿ ಆಗಿದ್ದರೆ ಅಂತ್ರ, ಚೌಡಿ ಎಲ್ಲ ಮೂಢನಂಬಿಕೆ ಅಂತ ಭಾಷಣ ಮಾಡುತ್ತಿದ್ದೆ. ಅವತ್ತು ಆ ಹುಡುಗಿಯ ಅತ್ತೆಗೆ, "ಅಮ್ಮಾ, ಅಂತ್ರ ಕಟ್ಸಿ, ನಾನು ಬೇಡ ಅನ್ನಲ್ಲ. ಆದ್ರೆ ಕಟ್ಟಿಸಿಕೊಂಡು ನಾಲ್ಕು ಗಂಟೆ ಲಾಂಚಿಗೆ ಬನ್ನಿ" ಅಂದೆ. ಬಂದರು. ಹುಡುಗಿಯ ಕೈಯಲ್ಲಿ ಕರಿದಾರ, ಅವಳ ಆ ಕಡೆ ಈ ಕಡೆ ಇಬ್ಬರು ಹೆಂಗಸರು, ಮಗು ನನ್ನ ಮಡಿಲಲ್ಲಿ. ಲಾಂಚ್ ನಡುನೀರಿಗೆ ಬಂದಾಗ ಆ ಅತ್ತೆ ನನ್ನ ಕಿವಿಯಲ್ಲಿ ಕೇಳಿದರು, "ಇವಳಿಗೆ ಏನು ಕಡಿಮೆ ಮಾಡಿದ್ವಿ ನಾವು?" ಬೈಗುಳ ಅಲ್ಲ ಅದು. ತಪ್ಪು ತಮ್ಮದು ಅಂತ ಹೆದರಿದ್ದರು. ಏನೂ ಕಡಿಮೆ ಮಾಡಿಲ್ಲ ಅಮ್ಮ, ಹೆರಿಗೆ ಆದ ಮೇಲೆ ಕೆಲವರಿಗೆ ರಕ್ತ ಹೋಗ್ತದೆ, ಕೆಲವರಿಗೆ ಹೀಗೆ ಆಗ್ತದೆ ಅಂದೆ. ಅವರು ಉಸಿರು ಬಿಟ್ಟದ್ದು ನನಗೆ ಕೇಳಿಸಿತು.

ಮೂರು ವಾರ ಆಸ್ಪತ್ರೆಯಲ್ಲಿದ್ದಳು. ಮಗುವನ್ನು ಜೊತೆಗೆ ಇಟ್ಟುಕೊಳ್ಳಲು ಬಿಡಲಿಲ್ಲ, ಅದು ಅವಳಿಗೆ ಇವತ್ತಿಗೂ ನೋವು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಲ್ಲೇ ತಾಯಿ-ಮಗು ಇಬ್ಬರನ್ನೂ ಒಟ್ಟಿಗೆ ದಾಖಲು ಮಾಡಿಕೊಳ್ಳುವ ಘಟಕ ಶುರುವಾಗಿತ್ತು. ನನಗೆ ಆಗ ಗೊತ್ತಿರಲಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಈಗ ಬರೆದಿದ್ದಾರೆ: ಮೂರು ವರ್ಷದೊಳಗಿನ ಮಗುವನ್ನು ಚಿಕಿತ್ಸೆಯಲ್ಲಿರುವ ತಾಯಿಯಿಂದ ಸಾಮಾನ್ಯವಾಗಿ ಬೇರೆ ಮಾಡಬಾರದು. ಮಗುವಿಗೆ ಅಪಾಯ ಇದ್ದರೆ ಮಾತ್ರ ಬೇರೆ ಮಾಡಬಹುದು. ಇದನ್ನು ಬರೆದುಕೊಳ್ಳಿ. ನಿಮ್ಮಲ್ಲಿ ಯಾರಿಗಾದರೂ ಬೇಕಾಗುತ್ತದೆ.

ಆಶಾ ಅಕ್ಕಂದಿರಿಗೆ ಒಂದು ಮಾತು. ಆಸ್ಪತ್ರೆ ಹೆರಿಗೆ ಆದರೆ 42 ದಿನದೊಳಗೆ ನೀವು ಆರು ಸಲ ಮನೆಗೆ ಹೋಗುತ್ತೀರಿ. 3, 7, 14, 21, 28, 42. ಮಗುವನ್ನು ತೂಗುತ್ತೀರಿ, ಜ್ವರ ನೋಡುತ್ತೀರಿ, ಹೊಕ್ಕಳು ನೋಡುತ್ತೀರಿ. ಬಾಣಂತಿಗೆ ರಾತ್ರಿ ನಿದ್ದೆ ಬರುತ್ತದಾ ಅಂತಲೂ ಕೇಳಿ. ಮಗು ಮಲಗಿದಾಗಲೂ ನಿದ್ದೆ ಬರುವುದಿಲ್ಲವಾ ಅಂತ ಕೇಳಿ. ಅತ್ತೆ ಎದುರಿಗೆ ಕೇಳಬೇಡಿ, ಬಚ್ಚಲಿಗೆ ನೀರು ಹಾಕುವ ಹೊತ್ತಿನಲ್ಲೋ, ಒಳಗೆ ಹಾಲು ಕೊಡುವಾಗಲೋ ಕೇಳಿ. ಮೂರನೇ ನಾಲ್ಕನೇ ದಿನ ಸುಮ್ಮನೆ ಅಳು ಬರುವುದು ತುಂಬಾ ಜನಕ್ಕೆ ಇರುತ್ತದೆ, ಎರಡು ವಾರದೊಳಗೆ ತಾನಾಗಿ ಹೋಗುತ್ತದೆ. ಹೋಗದಿದ್ದರೆ ನೋಡಿ. ನಮ್ಮ ದೇಶದ ಅಧ್ಯಯನಗಳನ್ನೆಲ್ಲ ಒಟ್ಟು ಮಾಡಿ ನೋಡಿದಾಗ ನೂರಕ್ಕೆ ಸುಮಾರು 22 ಬಾಣಂತಿಯರಿಗೆ ಖಿನ್ನತೆ ಕಂಡಿದೆ. ಐದು ಮನೆಗೆ ಒಂದು ಮನೆ ಆಯಿತು.

ಅಳೆಯುವುದಕ್ಕೆ ಸಾಧನ ಇಲ್ಲ ಅಂದುಕೊಳ್ಳಬೇಡಿ. ಎಡಿನ್‌ಬರೋ ಪ್ರಶ್ನಾವಳಿ ಅಂತ ಇದೆ, 1987ರದ್ದು, ಕನ್ನಡದಲ್ಲೂ ಇದೆ. ಹತ್ತು ಪ್ರಶ್ನೆ. ಕಳೆದ ಏಳು ದಿನದಲ್ಲಿ ಹೇಗಿತ್ತು ಅಂತ ಕೇಳುತ್ತದೆ. ಒಟ್ಟು 30 ಅಂಕ. 13 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಡಾಕ್ಟರಿಗೆ ತೋರಿಸಬೇಕು. ಹತ್ತನೇ ಪ್ರಶ್ನೆ ಜೀವಕ್ಕೆ ಹಾನಿ ಮಾಡಿಕೊಳ್ಳುವ ಯೋಚನೆಯ ಬಗ್ಗೆ. ಅದಕ್ಕೆ ಸೊನ್ನೆ ಬರದಿದ್ದರೆ ಒಟ್ಟು ಎಷ್ಟೇ ಇರಲಿ, ಅವತ್ತೇ ಏನಾದರೂ ಮಾಡಬೇಕು. ಕೇಳಿದರೆ ಆ ಯೋಚನೆ ತಲೆಗೆ ಬರುತ್ತದೆ ಅಂತ ಹೆದರಬೇಡಿ. ನನ್ನನ್ನು ಯಾರಾದರೂ ಕೇಳಲಿ ಅಂತ ನಾನು ಮೂರು ತಿಂಗಳು ಕಾದಿದ್ದೆ. ಫೋನಿನಲ್ಲೇ ಮಾತಾಡಬೇಕು ಅಂದರೆ 14416, ಟೆಲಿ ಮಾನಸ್. 2022ರಿಂದ ಇದೆ, ದುಡ್ಡು ಇಲ್ಲ, ಕನ್ನಡದಲ್ಲಿ ಮಾತಾಡುತ್ತಾರೆ, ಹಗಲು ರಾತ್ರಿ ಇರುತ್ತಾರೆ. ನಿಮಗೂ ಅದು. ಬರೀ ಬಾಣಂತಿಯರಿಗೆ ಅಲ್ಲ.

ಇಲ್ಲೊಂದು ಚೀಟಿ ಬಂದಿದೆ. "ಮೇಡಂ, ಮದುವೆ ಮಾತುಕತೆಯಲ್ಲಿ ಇದನ್ನು ಹೇಳಬೇಕಾ?" ಹೆಸರು ಬರೆದಿಲ್ಲ, ಒಳ್ಳೆಯದೇ ಮಾಡಿದ್ದೀಯ. ಹೇಳು ಅಂತ ನಾನು ಯಾರಿಗೂ ಒತ್ತಾಯ ಮಾಡುವುದಿಲ್ಲ, ನಷ್ಟ ಆಗುವುದು ನಿನಗೆ, ನನಗಲ್ಲ. ನಾನು ಮಾಡಿದ್ದು ಹೇಳುತ್ತೇನೆ. ಮಗಳಿಗೆ ಗಂಡು ನೋಡುವಾಗ ಅವಳನ್ನೇ ಕೇಳಿದೆ. "ಹೇಳು ಅಮ್ಮ" ಅಂದಳು. ಮೊದಲ ಸಂಬಂಧ ಅಲ್ಲಿಗೇ ಮುರಿಯಿತು. ತೋಟ ಎಷ್ಟು ಎಕರೆ ಅಂತ ಕೇಳಿದವರು ಕಾಫಿ ಲೋಟ ಅರ್ಧಕ್ಕೇ ಇಟ್ಟು ಎದ್ದರು. ಎರಡನೆಯವರು ಮಾತ್ರೆಯ ಹೆಸರು ಕೇಳಿದರು, ಹುಡುಗ ಫಾರ್ಮಸಿ ಓದಿದವನು. ಅಲ್ಲಿಗೇ ಮದುವೆ ಆಯಿತು.

2022ರಲ್ಲಿ ಬಾಣಂತನಕ್ಕೆ ಮನೆಗೆ ಬಂದಳು. ಆಗ ನನಗೆ ಈ ಕಡೆಗೆ ವರ್ಗ ಆಗಿ ಒಂಬತ್ತು ವರ್ಷ. ಆರನೇ ವಾರ ಆ ಹತ್ತು ಪ್ರಶ್ನೆಯ ಹಾಳೆಯನ್ನು ಅವಳ ಮುಂದೆ ಇಟ್ಟೆ. "ಏನಮ್ಮ, ನನ್ನನ್ನೂ ರಿಜಿಸ್ಟರಿಗೆ ಹಾಕ್ತೀಯಾ ಮಾರಾಯ್ತಿ" ಅಂತ ನಕ್ಕಳು. ನಗುತ್ತಲೇ ತುಂಬಿದಳು. 14 ಬಂತು.

ಸಾಗರದ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುತ್ತಿದ್ದದ್ದು ಮಂಗಳವಾರ. ಮಂಗಳವಾರ ಬೆಳಿಗ್ಗೆ ಮೂವರೂ ಬಸ್ ಹತ್ತಿದೆವು. ಮಗುವನ್ನು ನಾನು ಎತ್ತಿಕೊಂಡಿದ್ದೆ. ಕಂಡಕ್ಟರ್ ಟಿಕೆಟ್ ಹರಿಯುತ್ತಾ, "ಎಲ್ಲಿಗೆ ಸಿಸ್ಟರ್, ಮೊಮ್ಮಗೂನೂ ಕರ್ಕೊಂಡು?" ಅಂದ.

"ಡಾಕ್ಟರ ಹತ್ರ."

"ಮಗೂಗೆ ಹುಷಾರಿಲ್ವಾ?"

"ಮಗು ಚೆನ್ನಾಗಿದೆ. ಅದರ ಅಮ್ಮನಿಗೆ" ಅಂದೆ.